ಶುಕ್ರವಾರದ ತಕರಾರು, ಭಾನುವಾರದ ತರ್ಜುಮೆ

ದೇವರನ್ನು ನಂಬದವಳಿಗೆ ಪಾಸ್ಟರ ಪಕ್ಕದಲ್ಲಿ ನಿಂತು ಏನು ಕೆಲಸ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡುವುದಿಲ್ಲವೇ? ಇಲ್ಲಿ ಪ್ರತಿ ವಾರವೂ ಪರದ ಚೀಟಿಯೇ ಬರುತ್ತದೆ, ಅಷ್ಟೆ. ಉತ್ತರವೇನೋ ಜಾಣತನದ್ದು. ಅದು ಸಾಲದು ಎಂದು ತಿಳಿಯಲು ಒಂದು ಇಡೀ ಮಳೆಗಾಲ ಬೇಕಾಯಿತು.

ಎರಡು ಸಾವಿರದ ದಶಕದ ನಡುವಿನ ಮಳೆಗಾಲ ಅದು. ಬಿ.ಎ. ಮುಗಿಸಿ, ಕಾನೂನು ಓದಬೇಕೆಂದುಕೊಂಡು, ಅಂಕೋಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೆ. ಕಾರವಾರದಲ್ಲಿದ್ದ ಒಬ್ಬ ಪಾಸ್ಟರಿಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಬಾಯಿತರ್ಜುಮೆ ಮಾಡುವವರು ಬೇಕಾಗಿದ್ದರು. ಅವರು ಮಲಯಾಳಿ. ಭಾನುವಾರ ಬೆಳಿಗ್ಗೆ ಮಲ್ಲಾಪುರದಲ್ಲಿ ಅಣುಸ್ಥಾವರದ ಕ್ವಾರ್ಟರ್ಸಿನವರಿಗೆ ಪ್ರಸಂಗ, ಎಂದರೆ ಬೈಬಲಿನ ಉಪದೇಶ, ಸಂಜೆ ಅಂಕೋಲೆಯ ಕಡಲ ಬದಿಯ ಒಂದು ಮನೆಯಲ್ಲಿ ಅದೇ ಪ್ರಸಂಗ. ಮೊದಲು ತರ್ಜುಮೆ ಮಾಡುತ್ತಿದ್ದ ಸ್ಥಾವರದ ನೌಕರರಿಗೆ ವರ್ಗವಾಗಿತ್ತು. ನನ್ನ ಕಾಲೇಜಿನ ಮೇಷ್ಟರೊಬ್ಬರು, "ಮಾತಾಡುವ ಹುಡುಗಿ ಒಬ್ಬಳಿದ್ದಾಳೆ. ಸುಮ್ಮನಿರುವುದು ಮಾತ್ರ ಗೊತ್ತಿಲ್ಲ," ಎಂದು ನನ್ನನ್ನು ಕಳಿಸಿದರು.

ಹೊರಡುವಾಗ ಆಯಿ, ನನ್ನ ಅಮ್ಮ, ಮೀನಿನ ಬುಟ್ಟಿ ತೊಳೆಯುತ್ತಿದ್ದಳು.

"ನಾವು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡೂ ಜನ. ಅದ್ನೂ ನೀ ನಂಬೂದಿಲ್ಲ. ಈಗ ಅವ್ರದ್ದನ್ನ ಹೇಳೂಕೆ ಹೋಗ್ತ್ಯಾ?"

"ನಂಬೂಕೆ ಅಲ್ಲ ಆಯಿ, ಹೇಳೂಕೆ ಮಾತ್ರ."

"ಹಂಗಾರೆ ಅಡ್ಡಿಲ್ಲ. ಜಗಳ ಆಡ್ಕಂಡು ಬರ್ಬೇಡ."

ಜಗಳ ಆಡಿಯೇ ಬಂದೆ. ಅರ್ಥವಾಗದ ಮಾತನ್ನು ನನ್ನ ಬಾಯಿಂದ ಆಡಲಾರೆ, ಪ್ರಸಂಗವನ್ನು ಮೊದಲೇ ತೋರಿಸಬೇಕು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು ಎಂದೆ. ಪಾಸ್ಟರು ಗೋಡೆಯ ಕ್ಯಾಲೆಂಡರಿಗೆ ಬೆರಳು ತೋರಿಸಿದರು. "ತಕರಾರು ಶುಕ್ರವಾರ. ಭಾನುವಾರ ತರ್ಜುಮೆ ಮಾತ್ರ. ಒಪ್ಪಿಗೆಯಾ, ಮೋಳೇ?" ಅವರ ಭಾಷೆಯಲ್ಲಿ ಮೋಳೇ ಎಂದರೆ ಮಗಳೇ. ಒಪ್ಪಿದೆ.

ಕೆಲಸ ನೋಡುವುದಕ್ಕೆ ಸುಲಭ. ಅವರು ಒಂದು ವಾಕ್ಯ ಹೇಳಿ ಕೈ ಕೆಳಗಿಳಿಸುತ್ತಾರೆ, ನಾನು ಕನ್ನಡದಲ್ಲಿ ಹೇಳಬೇಕು. ಓದಬೇಕಾದ ಭಾಗಗಳಿಗೆಲ್ಲ ಕನ್ನಡ ಬೈಬಲಿನಲ್ಲಿ ಮೊದಲೇ ಕಾಗದದ ಚೂರು ಸಿಕ್ಕಿಸಿಟ್ಟುಕೊಳ್ಳಬೇಕು. ಜನರ ಎದುರು ಪುಟ ಹುಡುಕುತ್ತ ನಿಂತರೆ ಮಾತಿನ ಓಟ ಸತ್ತುಹೋಗುತ್ತದೆ. ಅವರು ಆವೇಶದಲ್ಲಿ ವಾಕ್ಯದ ಮೇಲೆ ವಾಕ್ಯ ಪೇರಿಸಿದರೆ ನಾನು ಸುಮ್ಮನೆ ನಿಂತುಬಿಡುತ್ತಿದ್ದೆ. ಆಗ ಅವರಿಗೇ ಗೊತ್ತಾಗಿ ಹಿಂದೆ ಬರುತ್ತಿದ್ದರು. ಎಲ್ಲಕ್ಕಿಂತ ಮುಖ್ಯ ನಿಯಮ, "ಅವರು ಹೀಗೆ ಹೇಳುತ್ತಾರೆ" ಎನ್ನಬಾರದು. ಅವರು "ನಾನು" ಎಂದರೆ ನಾನೂ "ನಾನು" ಎನ್ನಬೇಕು.

ಮೊದಲ ಭಾನುವಾರವೇ ಪಾಸ್ಟರು ತಮ್ಮ ಮನೆಯ ಕಥೆ ತೆಗೆದರು. ನಾನು ಗಂಭೀರವಾಗಿ, "ಮೀಸೆ ಬೋಳಿಸಿಕೊಳ್ಳಿ ಎಂದು ನನ್ನ ಹೆಂಡತಿ ಮೊನ್ನೆ ಹೇಳಿದಳು," ಎಂದೆ. ಮಲ್ಲಾಪುರದ ಸಭೆಯ ಹಿಂದಿನ ಸಾಲಿನಲ್ಲಿದ್ದ ಮನೆಗೆಲಸದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಇಂಗ್ಲಿಷ್ ಮಾತ್ರ ಬಲ್ಲವರು ಯಾಕೆ ನಗು ಎಂದು ತಿಳಿಯದೆ ತಾವೂ ನಕ್ಕರು. ಪ್ರಸಂಗದಲ್ಲಿ ಆಮೇಲೆ ಏನು ಬಂತು ಎಂದು ಯಾರಿಗೂ ನೆನಪಿಲ್ಲ.

ನಗು ಹೇಗೋ ಕಳೆಯಿತು. ಇನ್ನೊಂದು ತೊಂದರೆ ಅಷ್ಟು ಬೇಗ ಹೋಗಲಿಲ್ಲ. ಪಾಸ್ಟರ ವಾದ ಸಪ್ಪೆಯಾಗಿದ್ದಲ್ಲಿ ನಾನು ನನಗೇ ತಿಳಿಯದಂತೆ ಅದಕ್ಕೆ ಖಾರ ಹಾಕುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸುವ ಮುಂಚಿನ ಕೊನೆಯ ನಿಮಿಷದ ಹಾಗೆ ದನಿ ಏರಿಸುತ್ತಿದ್ದೆ. ಕಡಲ ಬದಿಯ ಅಜ್ಜಿಯೊಬ್ಬಳು ಕೇಳಿಯೇ ಬಿಟ್ಟಳು: "ಅಲ್ವೇ, ಪಾಸ್ಟರು ಮೆತ್ತಗೆ ಹೇಳ್ತ್ರು. ನೀ ಎಂತಕ್ಕೆ ನಮ್ಗೆ ಬೈತೆ?" ಎರಡೂ ಭಾಷೆ ಬಲ್ಲ ತಮಿಳು ಎಂಜಿನಿಯರೊಬ್ಬರು, ಅವರು ಹೇಳಿದ್ದಕ್ಕಿಂತ ನೀವು ಹೇಳಿದ್ದೇ ಚೆನ್ನಾಗಿತ್ತು ಎಂದು ಹೊಗಳಿದರು. ಪಾಸ್ಟರಿಗೆ ಅದು ಹಿತವಾಗಲಿಲ್ಲ. "ನೀನು ಗೆಲ್ಲಲು ಮಾತಾಡುತ್ತೀ ಮೋಳೇ. ಎದುರಿಗೆ ಕೂತವರು ನ್ಯಾಯಾಧೀಶರಲ್ಲ, ದಣಿದು ಬಂದವರು."

ಅವರಲ್ಲಿ ಒಬ್ಬಳ ಬಗ್ಗೆ ಹೇಳಬೇಕು.

ಹಿಲ್ಲೂರಿನ ಕಡೆಯಿಂದ ಮದುವೆಯಾಗಿ ಕಡಲ ಬದಿಗೆ ಬಂದವಳು ಅವಳು. ಕಾಡಿನ ಊರಿನಲ್ಲಿ ಬೆಳೆದವಳಿಗೆ ಮೀನು ಹೆಚ್ಚಲೂ ಬರುತ್ತಿರಲಿಲ್ಲ. ನನ್ನ ಆಯಿಯೇ ಕೈಹಿಡಿದು ಕಲಿಸಿ, ಅಂಕೋಲೆಯ ಮೀನುಪೇಟೆಯಲ್ಲಿ ತನ್ನ ಪಕ್ಕ ಕೂರಿಸಿಕೊಂಡಿದ್ದಳು. ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಅವಳ ಗಂಡನ ಮನೆಯವರು ಈ ಸಭೆಗೆ ಸೇರಿದ ಕ್ರೈಸ್ತರು. ಭಾನುವಾರ ಕಡಲಿಗೆ ಇಳಿಯಬಾರದು ಎಂಬುದು ಆ ಮನೆಯ ಹಳೆಯ ಕಟ್ಟು. ಆದರೆ ಆ ಮಳೆಗಾಲಕ್ಕೆ ಮುಂಚಿನ ಮೀನು ಹಂಗಾಮಿನ ಕೊನೆಯ ದಿನಗಳಲ್ಲಿ ಅವಳ ಗಂಡ ಹಿಂದೂ ಗೆಳೆಯರ ದೋಣಿ ಹತ್ತಿ ಭಾನುವಾರ ಹೋದ. ಮಳೆ ಬರುವ ಮೊದಲು ನಾಲ್ಕು ಬುಟ್ಟಿ ಮೀನಾದರೂ ಸಿಗಲಿ, ಹೋಗು ಎಂದವಳು ಅವಳೇ. ಮರಳಿ ಬರುವಾಗ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಉಳಿದವರೆಲ್ಲ ಹೇಗೋ ದಡ ಸೇರಿದರು. ಅವನೊಬ್ಬ ಸೇರಲಿಲ್ಲ.

ಸಂಜೆಯ ಪ್ರಾರ್ಥನೆ ನಡೆಯುತ್ತಿದ್ದುದು ಸತ್ತವನ ಅಣ್ಣನ ಮನೆಯಲ್ಲಿ. ಪಾಸ್ಟರಿಗಿದ್ದಂತೆ ಆ ಯಜಮಾನನಿಗೂ ಅಲ್ಲಿ ಒಂದು ಕುರ್ಚಿ, ಉಳಿದವರಿಗೆ ಚಾಪೆ. ಕೊನೆಯ ಪ್ರಾರ್ಥನೆ ಮನೆಯ ಯಜಮಾನನದು, ಅವನು ಆಮೆನ್ ಎನ್ನದೆ ಯಾರೂ ಏಳುವಂತಿಲ್ಲ. ಅವನೇ ಹೇಳಿದ್ದ: ಎಲ್ಲರೂ ಬದುಕಿ ಇವನೊಬ್ಬ ಸತ್ತನೆಂದರೆ ಕಾರಣ ಬೇರೆ ಹುಡುಕಬೇಕೇ? ಪ್ರಾರ್ಥನೆ ಬಿಟ್ಟು ಹೋದ, ಕಳಿಸಿದವಳು ಹೆಂಡತಿ. ಒಮ್ಮೆ ಅಂದದ್ದು ಓಣಿಯೆಲ್ಲ ಹಬ್ಬಿತು. ಅಕ್ಕ ಪೇಟೆಗೆ ಬರುವುದನ್ನು ಬಿಟ್ಟಳು. ಭಾನುವಾರ ಸಭೆಗೆ ಬಂದರೂ ಬಾಗಿಲ ಹೊಸ್ತಿಲ ಹೊರಗೆ, ಚಪ್ಪಲಿಗಳ ಪಕ್ಕ ಕೂರುತ್ತಿದ್ದಳು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ದೋಣಿ ಇಳಿಯುವ ಮೊದಲು ಕಡಲ ಬದಿ ಬಿಟ್ಟು ತವರಿಗೆ ಹೋಗಿಬಿಡುತ್ತೇನೆ ಎಂದು ಆಯಿಯ ಹತ್ತಿರ ಹೇಳಿದ್ದಳು.

ಆಯಿಗೆ ಇದು ಸಿಟ್ಟಿನ ವಿಷಯ. "ತೆಂಗಿನಕಾಯಿ ಬಿಟ್ಟವ್ರೂ ಮುಳುಗ್ತ್ರು, ಪ್ರಾರ್ಥನೆ ಮಾಡ್ದವ್ರೂ ಮುಳುಗ್ತ್ರು. ಆ ಹಿಲ್ಲೂರಿನ ಹುಡ್ಗಿ ತಲೆ ಮೇಲೆ ಹೊರ್ಸೂಕೆ ಅವ್ರಿಗೆ ಹ್ಯಾಂಗೆ ಮನ್ಸು ಬಂತು? ಕೇಳು ನಿನ್ ಪಾಸ್ಟರಿಗೆ."

ದೋಣಿ ಇಳಿಯುವ ಮುಂಚಿನ ವಾರದ ಶುಕ್ರವಾರ ಎಂದಿನಂತೆ ಬಸ್ಸಿನಲ್ಲಿ ಕಾರವಾರಕ್ಕೆ ಹೋದೆ. ಕಾಜುಬಾಗದ ಅವರ ಬಾಡಿಗೆ ಕೋಣೆಯಲ್ಲಿ ಒಣಗದ ಬಟ್ಟೆಗಳ ವಾಸನೆ. ಪಾಸ್ಟರು ಹುರುಪಿನಲ್ಲಿದ್ದರು.

"ಈ ಸಲ ಮಾರ್ಕನ ಸುವಾರ್ತೆ, ನಾಲ್ಕನೆಯ ಅಧ್ಯಾಯ. ಬಿರುಗಾಳಿ, ದೋಣಿ, ಯೇಸು ಗದರಿದೊಡನೆ ಗಾಳಿ ನಿಂತದ್ದು. ಕಡಲಿನ ಜನರಿಗೆ ಇದಕ್ಕಿಂತ ಸರಿಯಾದ ಪಾಠ ಬೇಕಾ?"

ಬರೆದಿದ್ದನ್ನು ಓದಿದೆ. ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ಒಂದು ಸಾಲು: ಯೇಸು ಇರುವ ದೋಣಿ ಮುಳುಗುವುದಿಲ್ಲ.

"ಇದನ್ನು ನಾನು ಹೇಳುವುದಿಲ್ಲ," ಎಂದೆ.

"ಯಾಕೆ?"

"ಮುಳುಗಿದ ದೋಣಿಯವಳು ಬಾಗಿಲಲ್ಲಿ ಕೂತಿರುತ್ತಾಳೆ."

ಅವಳ ಗಂಡನನ್ನು ಮಣ್ಣು ಮಾಡುವಾಗ ಪ್ರಾರ್ಥಿಸಿದವರೇ ಅವರು. ಆದರೆ ಮನೆಯವರು ಕನ್ನಡದಲ್ಲಿ ಆಡಿಕೊಂಡ ಮಾತು ಅವರನ್ನು ಮುಟ್ಟಿರಲಿಲ್ಲ. ಭಾನುವಾರದ ಕಥೆಯನ್ನು ಹೇಳಿದೆ. ಅವರ ಮುಖ ಸಣ್ಣದಾಯಿತು. ಆದರೂ ಪ್ರಸಂಗವನ್ನು ಬಿಡಲು ಮನಸ್ಸಿಲ್ಲ. ಅದು ಅವಳ ಬಗ್ಗೆ ಅಲ್ಲ, ನಂಬಿಕೆಯ ಬಗ್ಗೆ ಎಂದರು. ನನಗೆ ಅಷ್ಟು ಸಾಕಾಗಿತ್ತು. ಬೈಬಲನ್ನು ಅವರ ಮುಂದೆ ತಿರುಗಿಸಿ ಇಟ್ಟೆ.

"ನಂಬಿಕೆ ಯಾರಲ್ಲಿತ್ತು, ತೋರಿಸಿ. ಶಿಷ್ಯರು ಹೆದರಿ ಕಿರುಚುತ್ತಾರೆ; ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ ಎಂದು ಯೇಸುವನ್ನೇ ಬೈಯುತ್ತಾರೆ. ಆದರೂ ಗಾಳಿ ನಿಂತಿತು. ನಂಬಿಕೆ ಎಲ್ಲಿ ಎಂದು ಅವನು ಕೇಳಿದ್ದು ಗಾಳಿ ನಿಂತ ಮೇಲೆ. ಇನ್ನು ಇದು ನೋಡಿ. ಜೊತೆಯಲ್ಲಿ ಬೇರೆ ದೋಣಿಗಳೂ ಇದ್ದವು ಅಂತಿದೆ. ಅವುಗಳಲ್ಲಿ ಅವನಿರಲಿಲ್ಲ. ಗಾಳಿ ಅವುಗಳಿಗೂ ನಿಂತಿರಬೇಕಲ್ಲ? ಅವನಿದ್ದ ದೋಣಿಗೊಂದು ನ್ಯಾಯ, ಇಲ್ಲದ್ದಕ್ಕೊಂದು ಅಂತ ಇಲ್ಲೆಲ್ಲಿದೆ?"

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಸರಿ. ನನ್ನ ಪ್ರಸಂಗ ಒಡೆಯಿತು. ಈಗ ಆ ಹೆಂಗಸಿಗೆ ಹೇಳುವುದೇನು?"

"ಅದು ನನ್ನ ಕೆಲಸವಲ್ಲ."

"ಯಾರ ಕೆಲಸ?"

ಸ್ಪರ್ಧೆಯಲ್ಲಾಗಿದ್ದರೆ ಎದುರಾಳಿಯ ವಾದ ಕೆಡವಿ ಕೆಳಗಿಳಿದು ಕೂರಬಹುದಿತ್ತು. ಇಲ್ಲಿ ಗಂಟೆ ಬಾರಿಸುವವರಿರಲಿಲ್ಲ. ಎದ್ದು ಹೋಗಿ ಕರಿಚಹಾ ಮಾಡಿ ತಂದವರು ಪಾಸ್ಟರು. ಲೋಟ ನನ್ನ ಮುಂದಿಟ್ಟು, ನಿಂತುಕೊಂಡೇ ಪುಟ ಮಗುಚಿದರು. ಲೂಕ, ಹದಿಮೂರು.

"ಈ ಭಾಗದ ಮೇಲೆ ನಾನು ಇದುವರೆಗೆ ಪ್ರಸಂಗ ಮಾಡಿಲ್ಲ. ಓದು."

ಕೆಲವರು ಯೇಸುವಿನ ಬಳಿಗೆ ಒಂದು ಸಾವಿನ ಸುದ್ದಿ ತರುತ್ತಾರೆ. ಸತ್ತವರು ಮಿಕ್ಕವರಿಗಿಂತ ಪಾಪಿಗಳಾಗಿದ್ದರು ಎಂದುಕೊಂಡಿರಾ ಎಂದು ಅವನು ಕೇಳುತ್ತಾನೆ. ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತವರನ್ನೂ ನೆನೆಸಿ, ಅವರು ಊರಿನ ಉಳಿದವರಿಗಿಂತ ತಪ್ಪಿತಸ್ಥರೋ ಎನ್ನುತ್ತಾನೆ. ಉತ್ತರವನ್ನೂ ತಾನೇ ಕೊಡುತ್ತಾನೆ. ಇಲ್ಲ.

"ಇದೇ!" ಎಂದೆ. "ಇಷ್ಟು ಸ್ಪಷ್ಟವಾಗಿರುವುದನ್ನು ಯಾಕೆ ಬಿಟ್ಟಿರಿ?"

"ಮುಂದಿನ ಮಾತಿಗಾಗಿ."

ಮುಂದಿನ ಮಾತು: ನೀವು ಮನಸ್ಸು ತಿರುಗಿಸದಿದ್ದರೆ ನೀವೂ ಹಾಗೆಯೇ ನಾಶವಾಗುವಿರಿ.

"ಇಲ್ಲ ಎಂಬಲ್ಲಿಗೆ ನಿಲ್ಲಿಸಿದರೆ?" ಎಂದು ಅವರು ಮೆಲ್ಲಗೆ ಕೇಳಿದರು. "ಆಕೆಗೆ ಅಷ್ಟೇ ತಾನೆ ಬೇಕಾಗಿರುವುದು?"

ನಂಬದವಳು ನಾನು. ಆದರೂ ನನಗೆ ಒಪ್ಪಲಾಗಲಿಲ್ಲ. ತಮಗೆ ಬೇಕಾದಷ್ಟು ಕತ್ತರಿಸಿ ಓದುವವರನ್ನು ವೇದಿಕೆಯ ಮೇಲೆ ನಾನು ಎಷ್ಟೋ ಸಲ ಹಿಡಿದು ನಗೆಪಾಟಲು ಮಾಡಿದ್ದೆ. "ಅರ್ಧ ಓದಿದರೆ ಯಜಮಾನ ಇನ್ನರ್ಧ ತೆಗೆದು ತೋರಿಸುತ್ತಾನೆ. ಆಗ ಮೊದಲಿನ ಅರ್ಧವೂ ಸುಳ್ಳಾಗುತ್ತದೆ," ಎಂದೆ. "ಆ ಮಾತು ಯಾರಿಗೆ ಹೇಳಿದ್ದು, ಅದನ್ನು ನೋಡೋಣ."

ಮತ್ತೆ ಮೊದಲಿನಿಂದ ಓದಿದೆವು. ಸತ್ತವರಿಗಲ್ಲ, ಅವರ ಮನೆಯವರಿಗೂ ಅಲ್ಲ. ಸುದ್ದಿ ತಂದವರಿಗೆ. ಸತ್ತವನ ಲೆಕ್ಕ ನೋಡಬೇಡಿ, ನಿಮ್ಮದನ್ನು ನೋಡಿಕೊಳ್ಳಿ ಎಂದು. ನಾವಿಬ್ಬರೂ ಒಂದೇ ಸಲ ತಲೆಯೆತ್ತಿದೆವು. ನಮ್ಮ ಸಭೆಯಲ್ಲಿ ಆ ಸುದ್ದಿ ಹೊತ್ತವನು ಕುರ್ಚಿಯ ಮೇಲೆ ಕೂರುವವನು. ಚಾಪೆ ಹಾಸಿ ಮನೆ ಕೊಟ್ಟವನು.

"ಪ್ರಾರ್ಥನೆಗೆ ಕೊಟ್ಟ ಮನೆ ಹೋಗುತ್ತದೆ," ಎಂದೆ.

"ಹೋಗಬಹುದು. ಆದರೆ ಎಲ್ಲರ ಎದುರು ಹೇಳುವ ಮೊದಲು ಅವರ ಎದುರು ಹೇಳಬೇಕು. ನಾಳೆ ನೀನೂ ಬರುತ್ತೀ."

ಶನಿವಾರ ಸಂಜೆ ಮಳೆ ಬಿಟ್ಟು ಹೊಳವಾಗಿತ್ತು. ಯಜಮಾನ ಅಂಗಳದ ಮಾಡಿನ ಕೆಳಗೆ ಬಲೆ ಹೊಲಿಯುತ್ತಿದ್ದ. ಪಾಸ್ಟರು ಹೇಳಿದ್ದನ್ನು ನಾನು ದನಿ ಏರಿಸದೆ, ಏನನ್ನೂ ಸೇರಿಸದೆ ಕನ್ನಡಕ್ಕೆ ತಂದೆ. ಅವನು ಕೈ ನಿಲ್ಲಿಸದೆ ಕೇಳಿದ.

"ತಂಗೀ, ನೀ ನಮ್ ಬದಿ ಹುಡ್ಗಿ. ಹೇಳು ಅವ್ರಿಗೆ. ನಾ ಎಂತ ಸುಳ್ಳು ಹೇಳ್ದೆ? ಅದು ಭಾನುವಾರ ಹೌದೋ ಅಲ್ದೋ?"

ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. "ಹೌದು," ಎಂದರು ಪಾಸ್ಟರು.

"ದೋಣಿಲಿ ಇದ್ದವ್ರಲ್ಲಿ ನನ್ ತಮ್ಮನಷ್ಟು ಚಲೋ ಈಸೂವ ಒಬ್ನೂ ಇರ್ಲಿಲ್ಲ. ಸಣ್ಣಕ್ಕಿರುವಾಗ ನಾನೇ ಕಲ್ಸಿದ್ದು. ಈಸೂಕೆ ಬರ್ದವ್ರು ದಡಕ್ಕೆ ಬಂದ್ರು. ಅಂವಾ ಬರ್ಲಿಲ್ಲ. ಎಂತಕ್ಕೆ? ಒಂದು ಕಾರಣ ಬೇಡ್ವಾ, ಪಾಸ್ಟರೇ?"

ಅಲ್ಲಿಯವರೆಗೆ ನಾನು ಅವನನ್ನು ಎದುರು ಪಕ್ಷ ಎಂದುಕೊಂಡಿದ್ದೆ. ಬಲೆಯ ಕಣ್ಣಿಗೆ ದಾರ ತಪ್ಪಿ ತಪ್ಪಿ ಹೋಗುತ್ತಿತ್ತು.

ಅದನ್ನೂ ತಿಳಿಸಿದೆ. ಪಾಸ್ಟರು ಹೇಳಿದ್ದು ಒಂದೇ ವಾಕ್ಯ. ನಾನು ಹೇಳಿದೆ: "ನಂಗೆ ಗೊತ್ತಿಲ್ಲ."

"ಪಾಸ್ಟರಿಗೇ ಗೊತ್ತಿಲ್ಲ ಅಂದ್ರೆ ಮತ್ತೆ ಪಾಸ್ಟರು ಎಂತಕ್ಕೆ?" ಅವನು ಬಲೆಯನ್ನು ಸುತ್ತಿ ಎದ್ದ. "ನಾಳೆ ಹೇಳೂದು ಹೇಳಿ. ನಿಮ್ ಬಾಯಿ ಕಟ್ಟೂದಿಲ್ಲ ನಾ."

ಭಾನುವಾರ ಸಂಜೆ ಮಳೆ ಮತ್ತೆ ಹಿಡಿದಿತ್ತು. ಹೆಂಚಿನ ಮೇಲಿನ ಸದ್ದಿಗೆ ಮೇಲಾಗಿ ಮಾತಾಡಬೇಕು, ಆದರೆ ಬೈದಂತೆ ಆಗಬಾರದು. ಹಾಡು ಮುಗಿಯಿತು. ಯಜಮಾನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಬಾಗಿಲಾಚೆ, ಚಪ್ಪಲಿಗಳ ಪಕ್ಕ, ಅಕ್ಕನ ಸೆರಗಿನ ತುದಿ ಮಾತ್ರ ನನಗೆ ಕಾಣುತ್ತಿತ್ತು.

ಪಾಸ್ಟರು ಅಂದಿನಷ್ಟು ಸಣ್ಣ ವಾಕ್ಯಗಳನ್ನು ಎಂದೂ ಆಡಿರಲಿಲ್ಲ. ಒಂದು ಬುರುಜು ಬಿತ್ತು. ಕೆಳಗಿದ್ದವರು ಸತ್ತರು. ಪಕ್ಕದಲ್ಲಿದ್ದವರು ಉಳಿದರು. ಸತ್ತವರದೇ ತಪ್ಪು ಎಂದು ಊರು ಹೇಳಿತು. ಅದು ಹೌದೇ ಎಂದು ಯೇಸುವೇ ಕೇಳಿದ. ಅವನು ಕೊಟ್ಟ ಉತ್ತರ ಒಂದೇ ಪದ.

ಪಾಸ್ಟರು ಆ ಪದ ಹೇಳಿ ಕೈ ಇಳಿಸಿದರು.

"ಇಲ್ಲ," ಎಂದೆ ನಾನು.

ನನ್ನ ಬಾಯಿಗೆ ಅಷ್ಟು ರೂಢಿಯಾದ ಪದ ಇನ್ನೊಂದಿರಲಿಕ್ಕಿಲ್ಲ. ಪಾಸ್ಟರು ಮುಂದಿನ ವಾಕ್ಯಕ್ಕೆ ಕೈ ಎತ್ತುವಷ್ಟರಲ್ಲಿ ಹೊಸ್ತಿಲಾಚೆಯಿಂದ ದನಿ ಬಂತು.

"ತಂಗೀ, ಎಂತ ಹೇಳ್ದೆ?"

ಸಭೆಯಲ್ಲಿ ನಡುವೆ ಯಾರೂ ಮಾತಾಡುವುದಿಲ್ಲ. ತರ್ಜುಮೆಯವಳು ಪಾಸ್ಟರು ಹೇಳದೆ ಬಾಯಿ ಬಿಡುವಂತಿಲ್ಲ. ನಾನು ಅವರತ್ತ ನೋಡಲಿಲ್ಲ.

"ಇಲ್ಲ ಅಂದೆ ಅಕ್ಕಾ. ಅವ್ರ ತಪ್ಪಲ್ಲ ಅಂತ. ಯೇಸು ಹೇಳಿದ್ದು."

ಅದರ ಮುಂದಿನ ಕಠಿಣ ಮಾತನ್ನು ಪಾಸ್ಟರು ಬಿಡಲಿಲ್ಲ, ಆದರೆ ಕುರ್ಚಿಯ ಕಡೆ ತಿರುಗಲೂ ಇಲ್ಲ. ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ನಾನೂ ಹೇಳಿದೆ: "ಈ ಮಾತು ಮೊದಲು ನನಗೆ. ಸಾವಿಗೊಂದು ಕಾರಣ ಹೇಳಲು ನಾನೂ ಹೊರಟಿದ್ದೆ. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯಾಗಿತ್ತು. ನಾನು ಮನಸ್ಸು ತಿರುಗಿಸಬೇಕು." ನಿಯಮದಂತೆ ಎಲ್ಲವೂ "ನಾನು". ಈ ಸಲ ಯಾರೂ ನಗಲಿಲ್ಲ.

ಪ್ರಸಂಗ ಮುಗಿಯಿತು. ಇನ್ನು ಯಜಮಾನನ ಪ್ರಾರ್ಥನೆ. ಎಲ್ಲರೂ ತಲೆ ತಗ್ಗಿಸಿದರು. ಅವನು ಎದ್ದು ನಿಂತ, ಪ್ರಾರ್ಥನೆ ಶುರುಮಾಡಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟ.

ಆಮೆನ್ ಆಗದೆ ಏಳುವಂತಿಲ್ಲ. ಜನ ತಲೆ ತಗ್ಗಿಸಿ ಕೂತೇ ಇದ್ದರು. ಇನ್ನೊಬ್ಬರ ಮನೆಯ ಆಮೆನ್ ಪಾಸ್ಟರೂ ಹೇಳುವಂತಿಲ್ಲ. ಮಳೆ ಸುರಿಯುತ್ತಿತ್ತು. ಆಗ ಹೊಸ್ತಿಲಾಚೆಯಿಂದ, ಆ ಮನೆಯ ಸೊಸೆಯ ದನಿ:

"ದೇವ್ರೇ, ನನ್ ಗಂಡ ಚಲೋ ಮನ್ಷ ಆಗಿದ್ದ. ನಂಗೆ ಗೊತ್ತಿತ್ತು. ನಿಂಗೂ ಗೊತ್ತಿತ್ತಲ್ಲ, ಇಷ್ಟ್ ದಿನ ಎಂತಕ್ಕೆ ಹೇಳ್ಲಿಲ್ಲ? ಭಾವನ್ ದೋಣಿ ಕಾಪಾಡು. ಆಮೆನ್."

ಪಾಸ್ಟರು ನನ್ನ ಕಡೆ ಬಾಗಿ, ಏನೆಂದಳು ಎಂದು ಪಿಸುಗುಟ್ಟಿದರು. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಕಾಲೇಜಿನ ನಾಲ್ಕು ಗೋಡೆಗಳೊಳಗೆ ಒಮ್ಮೆಯೂ ತಡವರಿಸದ ನಾನು ಎರಡನೆಯ ವಾಕ್ಯಕ್ಕೆ ನಿಂತುಹೋದೆ. ಅವರು ಕಾದರು. ಮೂರನೆಯ ಪ್ರಯತ್ನಕ್ಕೆ ಪೂರ್ತಿ ಹೇಳಿ ಮುಗಿಸಿದೆ.

ಮರುವಾರ ಯಜಮಾನನ ಮನೆಯಲ್ಲಿ ಅನುಕೂಲವಿಲ್ಲ ಎಂದು ಸುದ್ದಿ ಬಂತು. ಪ್ರಾರ್ಥನೆ ಪಕ್ಕದ ಅಕ್ಕನ ಮನೆಯ ಜಗಲಿಯಲ್ಲಿ ನಡೆಯಿತು. ಚಾಪೆ ಸಾಲದೆ ಗೋಣಿ ಹಾಸಿದ್ದಳು. ಬಂದವರು ಮೊದಲಿಗಿಂತ ಕಡಿಮೆ. ಜಗಲಿ ಚಿಕ್ಕದಾದ್ದರಿಂದ ತುಂಬಿದಂತೆ ಕಂಡಿತು. ಅದರ ಮರುವಾರ ನಾವು ಹೋಗುವಾಗ ಪಾಸ್ಟರು ಕೂರುತ್ತಿದ್ದ ಹಳೆಯ ಕುರ್ಚಿ ಆ ಜಗಲಿಗೆ ಬಂದು ಕೂತಿತ್ತು. ತಂದಿಟ್ಟವರು ಯಾರೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಗಸ್ಟ್ ಅರ್ಧ ಕಳೆದಿತ್ತು. ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮೀನುಪೇಟೆ ಹೊಕ್ಕೆ. ಆಯಿಯ ಪಕ್ಕದ ಜಾಗದಲ್ಲಿ ಅಕ್ಕ ಕೂತು ಬಂಗಡೆಯ ರಾಶಿಗೆ ನೀರು ಚಿಮುಕಿಸುತ್ತಿದ್ದಳು.

"ಈ ಹಿಲ್ಲೂರಿನದ್ಕೆ ವ್ಯಾಪಾರ ಕಲ್ಸಿ ನಾ ಹಾಳಾದೆ," ಎಂದು ಆಯಿ ಊರಿಗೆಲ್ಲ ಕೇಳುವಂತೆ ಹೇಳಿದಳು. "ನನ್ ಗಿರಾಕಿನೆಲ್ಲ ತನ್ ಬದಿಗೆ ಕರೀತದೆ."

"ನೀವು ಹೆಚ್ಚೂದ್ರೊಳಗೆ ಮೀನು ಹಳ್ಸೋಗ್ತದೆ ಮಾವ್ಶಿ, ಅವ್ರು ಎಂತ ಮಾಡ್ಲಿ?" ಎಂದಳು ಅಕ್ಕ.

"ಯಾರ ದೋಣಿದು ಅಕ್ಕಾ?" ಎಂದೆ.

"ಭಾವಂದು. ಮೊದ್ಲ ಬುಟ್ಟಿ ಮನೆ ಬಾಗ್ಲಿಗೇ ತಂದಿಟ್ಟು ಹೋದ್ರು. ಮಾತೆಂತ ಆಡ್ಲಿಲ್ಲ." ಅವಳು ಆರಿಸಿ ಆರಿಸಿ ಕೆಲವು ಮೀನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಗಂಟು ಬಿಗಿದಳು. "ಪಾಸ್ಟರಿಗೆ ಕೊಡು. ಇನ್ನೊಂದು ಕೇಳೂದಿತ್ತು, ತಂಗಿ. ಆ ಬುರುಜು ಬಿತ್ತಲ್ಲ, ಅಲ್ಲಿ ಸತ್ತವ್ರ ಹೆಂಡ್ತೀರು ಆಮೇಲೆ ಎಂತ ಮಾಡಿದ್ರು?"

"ಅದು ಅದ್ರಲ್ಲಿ ಬರ್ದಿಲ್ಲ ಅಕ್ಕಾ."

"ಹೌದಾ? ಕೇಳು ಮತ್ತೆ ಪಾಸ್ಟರಿಗೆ." ಅಷ್ಟರಲ್ಲಿ ಗಿರಾಕಿ ಬಂದ. ಅವಳು ಬೇರೆ ಕಡೆ ತಿರುಗಿದಳು.

ಕಾರವಾರದ ಬಸ್ಸಿನಲ್ಲಿ ಮೀನಿನ ಕೊಟ್ಟೆ ಹಿಡಿದು ಕೂತೆ. ಪಕ್ಕದವರು ಮೂಗು ಮುಚ್ಚಿಕೊಂಡು ಸರಿದು ಕೂತರು. ನಾನು ಆಗಲೂ ನಂಬುತ್ತಿರಲಿಲ್ಲ, ಈಗಲೂ ಇಲ್ಲ. ಆದರೆ ಆ ಶುಕ್ರವಾರದ ತಕರಾರು ಏನೆಂದು ನನಗೆ ಮೊದಲೇ ಗೊತ್ತಿತ್ತು. ಅದು ನನ್ನದಾಗಿರಲಿಲ್ಲ, ಅಕ್ಕನದು.